ತಪ್ಪೆಲ್ಲ ಸೂರ್ಯನದೇ

ಋತುಗಳು ಒಂದು ಸುತ್ತು ಮುಗಿಸಲು 365 ದಿನ, 5 ಗಂಟೆ, 48 ನಿಮಿಷ, ಮೇಲೊಂದಿಷ್ಟು ಸೆಕೆಂಡು ಬೇಕು. ಈ ಚಿಲ್ಲರೆಯೇ ಎಲ್ಲ ರಗಳೆಗೆ ಮೂಲ. ಸೂರ್ಯ ಸುಮ್ನೆ 365ಕ್ಕೇ ಮುಗಿಸಿದ್ದರೆ ಎಷ್ಟೋ ಸರ್ಕಾರಗಳ ಮಾನ ಉಳಿಯುತ್ತಿತ್ತು.

ಹಳೇ ರೋಮ್‌ನಲ್ಲಿ ವರ್ಷಕ್ಕೆ 355 ದಿನ. ಋತುಗಳಿಗೆ ಹೊಂದಿಸಲು ಆಗಾಗ ಒಂದು ತಿಂಗಳು ತುರುಕಬೇಕಿತ್ತು. ಯಾವಾಗ ಅಂತ ಹೇಳುವ ಅಧಿಕಾರ ಪುರೋಹಿತರದು. ಅವರೋ ಪಕ್ಕಾ ರಾಜಕಾರಣಿಗಳು. ತಮ್ಮವನು ಕುರ್ಚಿಯಲ್ಲಿದ್ದರೆ ವರ್ಷ ಉದ್ದ, ಆಗದವನು ಕೂತಿದ್ದರೆ ಗಿಡ್ಡ. (ಈಗಿನವರಿಗೆ ಈ ಉಪಾಯ ಹೊಳೆದಿಲ್ಲ, ನಮ್ಮ ಪುಣ್ಯ.) ಸುಗ್ಗಿಯ ಹಬ್ಬ ಬಂದರೂ ಸುಗ್ಗಿ ಬರುತ್ತಿರಲಿಲ್ಲ. ಕೊನೆಗೆ ಜೂಲಿಯಸ್ ಸೀಸರ್ ಕ್ರಿ.ಪೂ. 46ನೇ ವರ್ಷವನ್ನು 445 ದಿನಕ್ಕೆ ಎಳೆದು ಲೆಕ್ಕ ಸರಿಮಾಡಿದ. ಇನ್ನು ನಾಲ್ಕು ವರ್ಷಕ್ಕೊಮ್ಮೆ ಒಂದೇ ಒಂದು ದಿನ ಸೇರಿಸಿ ಸಾಕು ಅಂದ. ಅವನು ಸತ್ತದ್ದೇ ತಡ, ಪುರೋಹಿತರು ಮೂರು ವರ್ಷಕ್ಕೊಮ್ಮೆ ಸೇರಿಸತೊಡಗಿದರು. ನಾಲ್ಕರವರೆಗೆ ಎಣಿಸಲು ಬಾರದವರ ಕೈಯಲ್ಲಿ ಇಡೀ ಸಾಮ್ರಾಜ್ಯದ ಕಾಲ! ಅಗಸ್ಟಸ್ ಬಂದು ತಿದ್ದಬೇಕಾಯಿತು.

ಸೀಸರನ ಲೆಕ್ಕದಲ್ಲೂ ವರ್ಷಕ್ಕೆ 11 ನಿಮಿಷ ಜಾಸ್ತಿಯಿತ್ತು. ಅದು ಬೆಳೆದು ಬೆಳೆದು ಈಸ್ಟರ್ ಹಬ್ಬವೇ ಜಾರತೊಡಗಿತು. 1582ರಲ್ಲಿ ಪೋಪ್ 13ನೇ ಗ್ರೆಗೊರಿ ಹತ್ತು ದಿನ ಕಿತ್ತುಹಾಕಿದರು. ಅಕ್ಟೋಬರ್ 4ರ ರಾತ್ರಿ ಮಲಗಿದವರು 15ಕ್ಕೆ ಎದ್ದರು. ಮುಂದೆ 1700, 1800ರಂಥ, 400ರಿಂದ ಭಾಗವಾಗದ ನೂರರ ವರ್ಷಗಳಿಗೆ ಅಧಿಕ ದಿನ ಬೇಡ ಅಂದರು; ಹಾಗಾಗಿ ಹಳೇ ಲೆಕ್ಕ ಹಿಡಿದು ಕೂತವರಿಗೆ 1700ರಲ್ಲಿ ಹತ್ತರ ಅಂತರ ಹನ್ನೊಂದಾಯಿತು, 1800ರಲ್ಲಿ ಹನ್ನೆರಡು. ಲೆಕ್ಕ ಸರಿಯೇ. ಆದರೆ ಹೇಳಿದ್ದು ಪೋಪ್ ಅಲ್ವಾ? ಪ್ರೊಟೆಸ್ಟಂಟ್ ದೇಶಗಳ ಗಂಟಲಿಗೆ ಅದು ಇಳಿಯಲಿಲ್ಲ.

ಸ್ವೀಡನ್‌ನವರು ಜಾಣರು. ಒಮ್ಮೆಲೇ ಕಿತ್ತರೆ ನೋವಾಗುತ್ತದೆ, 1700ರಿಂದ 40 ವರ್ಷ ಅಧಿಕ ದಿನಗಳನ್ನು ಒಂದೊಂದಾಗಿ ಬಿಡೋಣ ಅಂದರು. ಮೊದಲನೆಯದನ್ನು ಬಿಟ್ಟರು. 1704, 1708ರಲ್ಲಿ ಯುದ್ಧದ ಗದ್ದಲ, ಬಿಡುವುದೇ ಬಿಟ್ಟುಹೋಯಿತು. ಈಗ ಸೀಸರನ ಲೆಕ್ಕಕ್ಕಿಂತ ಒಂದು ದಿನ ಮುಂದೆ, ಪೋಪನ ಲೆಕ್ಕಕ್ಕಿಂತ ಹತ್ತು ದಿನ ಹಿಂದೆ. ಜಗತ್ತಿನಲ್ಲಿ ಮತ್ತ್ಯಾರಿಗೂ ಇಲ್ಲದ ತಾರೀಖು! ಸಾಕಪ್ಪಾ ಅಂತ 1712ರಲ್ಲಿ ಹಳೆಯದಕ್ಕೇ ವಾಪಸ್. ಬಿಟ್ಟ ದಿನವನ್ನು ತುಂಬಿಸಲು ಆ ವರ್ಷ ಫೆಬ್ರವರಿಗೆ 30 ದಿನ. ಕೊನೆಗೆ 1753ರಲ್ಲಿ ಹನ್ನೊಂದು ದಿನ ಒಂದೇ ಏಟಿಗೆ ಕಿತ್ತರು.

ಬ್ರಿಟನ್ 170 ವರ್ಷ ಮುಖ ತಿರುಗಿಸಿ ಕೂತು, 1752ರಲ್ಲಿ ಸೆಪ್ಟೆಂಬರ್ 2 ಆದಮೇಲೆ 14 ಅಂತ ಒಪ್ಪಿಕೊಂಡಿತು. ಜನರ ಹನ್ನೊಂದು ದಿನ ಹೋದವು. ಖಜಾನೆಯದು ಮಾತ್ರ ಒಂದೂ ಹೋಗಲಿಲ್ಲ. ಮಾರ್ಚ್ 25ಕ್ಕೆ ಶುರುವಾಗುತ್ತಿದ್ದ ತೆರಿಗೆ ವರ್ಷವನ್ನು ಏಪ್ರಿಲ್ 5ಕ್ಕೆ ಸರಿಸಿದರು, 1800ರಲ್ಲಿ 6ಕ್ಕೆ. ಅಲ್ಲಿನ ತೆರಿಗೆ ಇಲಾಖೆಗೆ ಇವತ್ತಿಗೂ ಹೊಸ ವರ್ಷ ಏಪ್ರಿಲ್ 6ಕ್ಕೇ.