ಬಿಸಿಲು ಬಿಟ್ಟಿ ಸಿಗುವ ಊರಲ್ಲಿ ಬಣ್ಣದ ಅಂಗಡಿ

ಮುಂಬೈಯಲ್ಲಿ ಮೈಗೆ ಕಂದು ಬಣ್ಣ ಬರಿಸುವ ಟ್ಯಾನಿಂಗ್ ಸಲೂನ್ ಇಡುವವರು ನೇರ ಸೂರ್ಯನ ಜತೆಗೇ ಪೈಪೋಟಿಗೆ ಇಳಿದಿರುತ್ತಾರೆ. ಅವನಿಗೆ ಬಾಡಿಗೆಯಿಲ್ಲ, ಕರೆಂಟ್ ಬಿಲ್ಲಿಲ್ಲ, ಅಂಗಡಿ ಇಡಲು ಬೇಕಾದ ಗುಮಾಸ್ತಾ ಲೈಸನ್ಸಿನ ಗೋಜಿಲ್ಲ. ಡೊಂಬಿವಲಿ ಲೋಕಲ್ಲಿನ ಬಾಗಿಲಲ್ಲಿ ನೇತಾಡುವ ಯಾರನ್ನು ಬೇಕಾದರೂ ಪುಕ್ಕಟೆ ಎರಡು ಶೇಡ್ ಇಳಿಸಿಬಿಡುತ್ತಾನೆ. ಸಾಲದ್ದಕ್ಕೆ, ಅವನು ಬಳಿದದ್ದನ್ನು ತೆಗೆಯಲು ರಸ್ತೆಗೆ ನಾಲ್ಕರಂತೆ ಪಾರ್ಲರುಗಳು ಡಿ-ಟ್ಯಾನ್ ಪ್ಯಾಕ್ ಮಾರುತ್ತಿರುತ್ತವೆ. ಬೋರ್ಡು ನೋಡಿ ಒಳಗೆ ಬರುವವರೂ ಹೆಚ್ಚಾಗಿ ಅದನ್ನೇ ಹುಡುಕಿಕೊಂಡು ಬಂದ ಮಾಟುಂಗ ಕಡೆಯ ಅಕ್ಕಂದಿರು.

“ಮಗಳ ಮದುವೆ ಉಂಟು. ಮುಖ ಸ್ವಲ್ಪ ಬೆಳ್ಳಗೆ ಮಾಡ್ತೀರಾ?”

“ಇಲ್ಲ ಅಕ್ಕ, ನಾವು ಕಂದು ಮಾಡೋದು.”

“ದುಡ್ಡು ತಗೊಂಡಾ?”

ಈ ಪ್ರಶ್ನೆಗೆ ಉತ್ತರ ಕೊಡುವ ಗಿರಾಕಿ ಜಿಮ್ಮಿನಲ್ಲಿದ್ದಾನೆ. ಜಾಹೀರಾತು ಶೂಟಿಂಗ್, ರ‍್ಯಾಂಪ್ ಮಾಡೆಲ್‌ಗಳು ಅಷ್ಟಿಷ್ಟು ಬರುತ್ತಾರೆ, ನಿಜ. ಆದರೆ ಅಂಗಡಿಯ ಬಾಡಿಗೆ ಕಟ್ಟುವವರು ಬಾಡಿಬಿಲ್ಡರ್‌ಗಳು. ಮುಂಬೈ ಶ್ರೀ, ಮಹಾರಾಷ್ಟ್ರ ಶ್ರೀ ಎಂದು ವೇದಿಕೆ ಹತ್ತುವ ಹುಡುಗರಿಗೆ ಬಣ್ಣ ಚಂದಕ್ಕಲ್ಲ. ವೇದಿಕೆಯ ಲೈಟು ತಿಳಿ ಚರ್ಮದ ಮೇಲೆ ಬಿದ್ದರೆ ಸ್ನಾಯುಗಳ ನಡುವಿನ ನೆರಳು ಮಾಯವಾಗಿ, ವರ್ಷಗಟ್ಟಲೆ ಕೋಳಿ ಎದೆ, ಮೊಟ್ಟೆಬಿಳಿ ತಿಂದು ಕೆತ್ತಿಕೊಂಡದ್ದೆಲ್ಲ ಚಪ್ಪಟೆ ಕಾಣುತ್ತದೆ. ಕಡುಕಂದು ಬಳಿದರೆ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಹೀಗಾಗಿ ಲೋಖಂಡ್‌ವಾಲಾದಲ್ಲಿ ದೊಡ್ಡ ಫ್ಲೆಕ್ಸ್ ಹಾಕುವ ದುಡ್ಡಿನಲ್ಲಿ ಭಾಂಡುಪ್, ಮುಲುಂಡ್ ಕಡೆಯ ಮೂರು ಜಿಮ್ ಟ್ರೈನರ್‌ಗಳಿಗೆ ಕಮಿಷನ್ ಕೊಡುವುದು ಲೇಸು.

ಯಂತ್ರದ ವಿಷಯದಲ್ಲಿ ಒಂದೇ ಮಾತು. ಯಾರಾದರೂ ಸೆಕೆಂಡ್ ಹ್ಯಾಂಡ್ ಟ್ಯಾನಿಂಗ್ ಬೆಡ್ ಅಗ್ಗಕ್ಕೆ ಕೊಡುತ್ತೇನೆಂದರೆ ಚಹಾ ಕುಡಿಸಿ ಕಳಿಸಿಬಿಡಿ. ಅತಿನೇರಳೆ ಕಿರಣದ ಈ ಮಂಚಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬ್ರೆಜಿಲ್ ಅದೇ ವರ್ಷ ನಿಷೇಧಿಸಿತು. ಸಣ್ಣ ಅಂಗಡಿಗೆ ಸ್ಪ್ರೇ ಸಾಕು.

ಸ್ಪ್ರೇಯೊಳಗಿನ ಮುಖ್ಯ ಸರಕು ಡೈಹೈಡ್ರಾಕ್ಸಿಅಸಿಟೋನ್, ಅಂಗಡಿ ಭಾಷೆಯಲ್ಲಿ ಡಿಎಚ್‌ಎ. ಅದೊಂದು ಸಕ್ಕರೆ. ಚರ್ಮದ ಮೇಲ್ಪದರದ ಸತ್ತ ಕೋಶಗಳ ಅಮೈನೊ ಆಮ್ಲದ ಜತೆ ಸೇರಿ ಕಂದಾಗುತ್ತದೆ. ಉಡುಪಿ ಹೋಟೆಲಿನ ಕಾವಲಿಯ ಮೇಲೆ ದೋಸೆ ಕೆಂಪಾಗುವುದೂ ಇದೇ ಜಾತಿಯ ರಾಸಾಯನಿಕ ಕ್ರಿಯೆಯಿಂದ. ವ್ಯತ್ಯಾಸ ಏನೆಂದರೆ ದೋಸೆ ಎರಡು ನಿಮಿಷಕ್ಕೆ ಏಳುತ್ತದೆ, ಗಿರಾಕಿಗೆ ಆರರಿಂದ ಎಂಟು ಗಂಟೆ ಬೇಕು. ಈ ಬಿಸಿನೆಸ್ಸಿನ ಅರ್ಧ ಅನಾಹುತ ಆ ಎಂಟು ಗಂಟೆಯೊಳಗೇ ನಡೆಯುತ್ತದೆ.

ಉಳಿದರ್ಧ ಗಿರಾಕಿ ಬರುವ ಮೊದಲೇ ಆಗಿರುತ್ತದೆ. ಹಿಂದಿನ ದಿನ ಚೆನ್ನಾಗಿ ಮೈಯುಜ್ಜಿ ಸ್ನಾನ ಮಾಡಿ, ಕೂದಲು ತೆಗೆಸಿ, ಬರುವ ದಿನ ಏನೂ ಹಚ್ಚದೆ ಬರಬೇಕು ಎಂದು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಹುಡುಗ ಓದುತ್ತಾನೆ. ಅವನ ಅಮ್ಮ ಓದುವುದಿಲ್ಲ. ಸ್ಪರ್ಧೆ ಎಂದು ಬೆಳಗ್ಗೆಯೇ ತೆಂಗಿನೆಣ್ಣೆ ತಿಕ್ಕಿ ಮೀಯಿಸಿ ಕಳಿಸಿರುತ್ತಾರೆ. ಎಣ್ಣೆಯ ಪದರ ಇದ್ದಲ್ಲಿ ದ್ರಾವಣ ಚರ್ಮಕ್ಕೆ ತಾಗುವುದೇ ಇಲ್ಲ. ಬೆನ್ನ ತುಂಬ ಭೂಪಟ. ಬಾಗಿಲಲ್ಲೇ ಮುಂಗೈ ಮುಟ್ಟಿ ನೋಡಿ, ಜಿಡ್ಡಿದ್ದರೆ ಮೊದಲು ಬಾತ್‌ರೂಮಿಗೆ ಕಳಿಸಿ. ಒಣಗಿ ದಪ್ಪಗಾದ ಮೊಣಕೈ, ಮೊಣಕಾಲು, ಹಿಮ್ಮಡಿಗಳದ್ದು ಉಲ್ಟಾ ಕಥೆ, ಅವು ಬಣ್ಣ ಜಾಸ್ತಿ ಹೀರಿ ಕಪ್ಪಿಡುತ್ತವೆ. ಅಲ್ಲಿಗೂ ಅಂಗೈಗೂ ಉಗುರ ಸುತ್ತಕ್ಕೂ ತಡೆ ಕ್ರೀಮು ತೆಳ್ಳಗೆ ಸವರಬೇಕು. ಅಂಗೈ ಮರೆತಿರೋ, ಹುಡುಗ ವಾರವಿಡೀ ಅರಿಶಿನ ಅರೆದವನ ಹಾಗೆ ತಿರುಗಬೇಕಾಗುತ್ತದೆ.

ಸ್ಪ್ರೇ ಗನ್ ಎಚ್‌ವಿಎಲ್‌ಪಿ ಬಗೆಯದು, ಅಂದರೆ ಗಾಳಿ ಹೆಚ್ಚು, ಒತ್ತಡ ಕಡಿಮೆ. ಮೈಯಿಂದ 15ರಿಂದ 20 ಸೆಂಟಿಮೀಟರ್ ದೂರ ಹಿಡಿದು, ಕೈ ಚಲಿಸಲು ಶುರುವಾದ ಮೇಲೆ ಟ್ರಿಗರ್ ಒತ್ತಬೇಕು. ನಿಂತ ಕೈಯಲ್ಲಿ ಒತ್ತಿದರೆ ಒಂದೇ ಕಡೆ ಕೂತು ಸೋರುತ್ತದೆ. ಗಿರಾಕಿಗೆ ಕಣ್ಣಿಗೆ ಕನ್ನಡಕ, ಮೂಗಿಗೆ ಫಿಲ್ಟರ್, ತುಟಿಗೆ ಬಾಮ್ ಬೇಕೇ ಬೇಕು. ಡಿಎಚ್‌ಎ ಇರುವುದು ಚರ್ಮದ ಮೇಲಕ್ಕೆ, ಉಸಿರಾಡುವುದಕ್ಕಲ್ಲ. ಹಾಗಾಗಿ ಎಕ್ಸಾಸ್ಟ್ ಫ್ಯಾನಿಗೆ ಜಿಪುಣತನ ಬೇಡ. ಕೆಲಸ ಮುಗಿದ ಕೂಡಲೇ ಗನ್ನಿನ ಸೂಜಿ, ನಾಜಲ್ಲನ್ನು ಬಿಸಿನೀರಲ್ಲಿ ತೊಳೆಯದಿದ್ದರೆ ದ್ರಾವಣ ಒಣಗಿ ಕಟ್ಟುತ್ತದೆ. ಮರುದಿನ ಗನ್ನು ಎಲೆಯಡಿಕೆ ಹಾಕಿದವರಂತೆ ಉಗುಳುತ್ತದೆ, ಅದೂ ಗಿರಾಕಿಯ ಎದೆಯ ಮೇಲೆ.

ಹೊಸಬರು ಮುಗ್ಗರಿಸುವುದು ರೇಟಿನಲ್ಲಿ. ಸಾಧಾರಣ ಮೈಗೆ ಒಂದು ಕೋಟು, ಅಂದರೆ ಒಂದು ಸಲದ ಲೇಪ, ಹಾಕಲು 50–60 ಮಿಲಿಲೀಟರ್ ಹಿಡಿಯುತ್ತದೆ, ಅಂದರೆ ಒಂದು ಲೀಟರಿನಲ್ಲಿ ಹದಿನಾರರಿಂದ ಇಪ್ಪತ್ತು ಜನ. ಈ ಲೆಕ್ಕದಲ್ಲಿ “ಯಾರಿಗಾದರೂ ಒಂದೇ ರೇಟು” ಎಂದು ಬೋರ್ಡು ಬರೆಸಿದ ಮಾರನೆಯ ದಿನವೇ ಬಾಗಿಲಿಗೆ ಅಡ್ಡವಾಗಿ ನೂರು ಕಿಲೋದ ಶೆಟ್ಟರ ಹುಡುಗ ಬಂದು ನಿಲ್ಲುತ್ತಾನೆ. ಅವನ ಬೆನ್ನೊಂದೇ ಸಿಂಗಲ್ ರೂಮ್ ಕಿಚನ್ನಿನಷ್ಟಿರುತ್ತದೆ, ಮೇಲಾಗಿ ಸ್ಪರ್ಧೆಗೆ ಮೂರು ಕೋಟು ಬೇಕು. ಇನ್ನೂರು ಮಿಲಿ ಸಲೀಸಾಗಿ ಕುಡಿಯುತ್ತಾನೆ. ಅವನಂಥ ಐವರು ಬಂದರೆ ಲೀಟರ್ ಖಾಲಿ. ಕೋಟಿನ ಲೆಕ್ಕದಲ್ಲಿ ರೇಟು ಬರೆಯಿರಿ. ಡಿಸ್ಕೌಂಟ್ ಕೇಳುವುದು ಅವನ ಹಕ್ಕು, ಬಾಟಲಿಯ ಗೆರೆ ತೋರಿಸುವುದು ನಿಮ್ಮ ಹಕ್ಕು.

ಇನ್ನು ಆ ಎಂಟು ಗಂಟೆ. ನೀರು ತಾಗಬಾರದು, ಬೆವರಬಾರದು, ಬಿಗಿ ಬಟ್ಟೆ ಹಾಕಬಾರದು. ಈ ಮೂರೂ ಆಗದ ಜಾಗ ಮುಂಬೈಯಲ್ಲಿ ಎಲ್ಲಿದೆ? ಹುಡುಗ ಸಂಜೆ ಆರರ ಲೋಕಲ್ ಹತ್ತಿದನೆಂದರೆ ಅವನ ಬಣ್ಣದಲ್ಲಿ ಕಾಲು ಪಾಲು ಯಾರದೋ ಬಿಳಿ ಶರ್ಟಿಗೆ ಹೋಗಿ, ಕುರ್ಲಾದಲ್ಲಿ ಜಗಳ. ರಾತ್ರಿ ಒಂಬತ್ತರ ಮೇಲಿನ ಅಪಾಯಿಂಟ್‌ಮೆಂಟ್ ಕೊಟ್ಟು, ಸಡಿಲ ಕಪ್ಪು ಬಟ್ಟೆ, ಹವಾಯಿ ಚಪ್ಪಲಿ, ಆಟೊ ಎಂದು ಮೊದಲೇ ಹೇಳಿಬಿಡಿ. ಹಾಸಿಗೆಗೆ ಹಳೇ ಕಪ್ಪು ಬೆಡ್‌ಶೀಟು.

ಮರುದಿನ ಬೆಳಗ್ಗೆ ಅಮ್ಮನ ಫೋನು ಬರುತ್ತದೆ: “ಎಂಥ ಮಾರಾಯ್ರೆ ಇದು, ಬಾತ್‌ರೂಮಲ್ಲೆಲ್ಲ ಕಾಫಿ ಡಿಕಾಕ್ಷನ್ ಹರೀತಾ ಉಂಟು! ಹಾಕಿದ್ದೆಲ್ಲ ಹೋಯ್ತಲ್ಲ?” ಹೋದದ್ದು ಬ್ರಾಂಜರ್. ಎಲ್ಲಿ ಬಿದ್ದಿದೆ ಎಂದು ಸ್ಪ್ರೇ ಮಾಡುವವರಿಗೆ ಕಾಣಲಿ ಅಂತ ಸೇರಿಸಿದ ಮೇಲ್ಬಣ್ಣ ಅದು, ಮೊದಲ ಸ್ನಾನಕ್ಕೇ ಇಳಿಯಬೇಕಾದ್ದು. ಇದನ್ನು ಬಿಲ್ಲಿನ ಹಿಂದೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸದಿದ್ದರೆ ಗೂಗಲ್ ಮ್ಯಾಪಿನಲ್ಲಿ ಒಂದು ಸ್ಟಾರ್ ಖಾತ್ರಿ.

ಪ್ರಚಾರಕ್ಕೆ ಎಲ್ಲರೂ ಹಾಕುವುದು ಮೊದಲ ದಿನದ ಫೋಟೊ. ಗಿರಾಕಿಯ ಗೆಳೆಯರು ನೋಡುವುದು ಏಳನೇ ದಿನದ್ದು. ಸತ್ತ ಚರ್ಮ ಉದುರಿದಂತೆ ಐದರಿಂದ ಏಳು ದಿನದಲ್ಲಿ ಬಣ್ಣವೂ ಹೋಗುತ್ತದೆ, ಅದೂ ಸಮನಾಗಿ ಹೋಗುವುದಿಲ್ಲ. ಕುತ್ತಿಗೆ, ಕಂಕುಳ ಮೊದಲು ಕೈಕೊಟ್ಟು ಮೈ ಮೊಸಳೆಯಾಗುತ್ತದೆ. ದಿನಕ್ಕೆರಡು ಸಲ ಮಾಯಿಶ್ಚರೈಸರ್ ಹಚ್ಚಿದರೆ, ಕ್ಲೋರಿನ್ ಈಜುಕೊಳದಿಂದ ದೂರ ಇದ್ದರೆ ಇಳಿಯುವುದು ಸಮನಾಗಿ ಇಳಿಯುತ್ತದೆ. ನಾಲ್ಕನೇ ದಿನ ಒಂದು ಮೆಸೇಜು ಕಳಿಸಿ ವಿಚಾರಿಸುವ ಅಂಗಡಿಗೆ ಎದುರು ಸಾಲಿನವರ ಅರ್ಧ ರೇಟಿನ ಆಫರ್ ಏನೂ ಮಾಡಲಾರದು.

ಭಾನುವಾರದ ಸ್ಪರ್ಧೆ ಮುಗಿಸಿದವರು ಸೋಮವಾರ ಬ್ಯಾಂಕಿನ ಕೌಂಟರಿನಲ್ಲಿ ಕೂರಬೇಕಲ್ಲ, ರಾತ್ರಿಯೇ ವಾಪಸು ಬರುತ್ತಾರೆ. ಆಗ ತೆಂಗಿನೆಣ್ಣೆ ಬೇಕು. ಮೈತುಂಬ ಹಚ್ಚಿ ಅರ್ಧ ಗಂಟೆ ಕೂರಿಸಿ, ಬಿಸಿನೀರು ಸುರಿದು ಒರಟು ಗ್ಲೌಸಿನಿಂದ ಉಜ್ಜಿದರೆ ಸಾಕಷ್ಟು ಬಣ್ಣ ಇಳಿಯುತ್ತದೆ. ಇದಕ್ಕೆ ಬೇರೆಯೇ ಬಿಲ್ಲು ಮಾಡಿ, ಎಣ್ಣೆಯ ರೇಟೂ ಸೇರಿಸಿ.