ಸಾಕ್ಷಿ ತೂಗಲು ಎರಡು ತಕ್ಕಡಿ

ನಿನ್ನೆ ಹೈಕೋರ್ಟಿನ ವಿಭಾಗೀಯ ಪೀಠದೆದುರು ಕೊಲೆ ಪ್ರಕರಣವೊಂದರ ಮೇಲ್ಮನವಿ ನಡೆಯುತ್ತಿತ್ತು. ನನ್ನ ಕೇಸು ಅದರ ನಂತರದ್ದಾಗಿದ್ದರಿಂದ ಹಿಂದಿನ ಸಾಲಿನಲ್ಲಿ ಕುಳಿತು ಪೂರ್ತಿ ಕೇಳಿಸಿಕೊಂಡೆ. ಕೇಳಿಸಿಕೊಂಡ ತಪ್ಪಿಗೆ ರಾತ್ರಿ ನಿದ್ದೆ ಬರಲಿಲ್ಲ.

ಕೊಲೆ ನಡೆದದ್ದು ರಾತ್ರಿ ಹತ್ತೂ ಮುಕ್ಕಾಲಿಗೆ. ಕಣ್ಣಾರೆ ಕಂಡೆನೆನ್ನುವವನು ಒಬ್ಬನೇ, ಸತ್ತವನ ಭಾವಮೈದ. 60 ಅಡಿ ದೂರದಿಂದ, ಬೀದಿದೀಪದ ಬೆಳಕಿನಲ್ಲಿ ಗುರುತಿಸಿದೆ ಎಂದಿದ್ದಾನೆ. ಸ್ಥಳದ ನಕ್ಷೆಯಲ್ಲಿ ದೀಪದ ಕಂಬವೇ ಇಲ್ಲ; ಪೊಲೀಸರು ಅವನ ಹೇಳಿಕೆ ಪಡೆದದ್ದು ಒಂಬತ್ತು ದಿನ ಕಳೆದ ಮೇಲೆ. ಆ ಹೊತ್ತಿಗೆ ತಾನು 14 ಕಿಲೋಮೀಟರ್ ಆಚೆಯ ಕಾರ್ಖಾನೆಯಲ್ಲಿದ್ದೆ ಎಂಬುದು ಆರೋಪಿಯ ವಾದ; ಅದಕ್ಕೆ ಅಲ್ಲಿನ ಹಾಜರಿ ಪುಸ್ತಕ ಬಂದಿತ್ತು, ರಾತ್ರಿ ಪಾಳಿಯ ಮೇಸ್ತ್ರಿಯೂ ಸಾಕ್ಷಿಕಟ್ಟೆ ಹತ್ತಿದ್ದ. ಪಾಟೀಸವಾಲಿನಲ್ಲಿ "ಆ ರಾತ್ರಿ ಕರೆಂಟು ಹೋಗಿತ್ತೇ?" ಎಂದು ಕೇಳಿದಾಗ ಅವನು "ನೆನಪಿಲ್ಲ ಸ್ವಾಮಿ" ಎಂದಿದ್ದ. ಸೆಷನ್ಸ್ ನ್ಯಾಯಾಲಯಕ್ಕೆ ಅಷ್ಟೇ ಸಾಕಾಯಿತು, ಮೇಸ್ತ್ರಿಯ ಮಾತು ನಂಬಲರ್ಹವಲ್ಲ. ಕಂಬದ ವಿಷಯ ಬಂದಾಗ ಭಾವಮೈದ ತಡವರಿಸಿದ್ದು ಮಾತ್ರ "ಸಹಜವಾದ ಸಣ್ಣಪುಟ್ಟ ವ್ಯತ್ಯಾಸ".

ನನ್ನ ತಕರಾರು ಇಷ್ಟೇ. ಕಂಡೆನೆಂದವನು ಮರೆತರೆ ಅದು ಮನುಷ್ಯಸಹಜ. "ಆ ಹೊತ್ತಿಗೆ ಅವನು ನಮ್ಮಲ್ಲಿದ್ದ" ಎಂದವನು ಮರೆತರೆ ಸುಳ್ಳ. ಹೋಗಲಿ, ಎಲ್ಲವನ್ನೂ ನೆನಪಿಟ್ಟುಕೊಂಡು ಹೇಳಿದನೋ, ಆಗ ವಕೀಲರು ಹೇಳಿಕೊಟ್ಟ ಪಾಠ ಒಪ್ಪಿಸುತ್ತಿದ್ದಾನೆ. ಪಾಪ, ಅವನು ಯಾವ ಬಾಯಿಂದ ಮಾತನಾಡಬೇಕು?

ಇದನ್ನು ನಾನೇ ಕಂಡುಹಿಡಿದೆನೆಂದು ಬೀಗುತ್ತಿಲ್ಲ. ಆರೋಪಿಯ ಸಾಕ್ಷಿಗಳನ್ನೂ ಪ್ರಾಸಿಕ್ಯೂಷನ್ ಸಾಕ್ಷಿಗಳಂತೆಯೇ ಕಾಣಬೇಕು, ಅವರ ಬಗೆಗಿನ ಹುಟ್ಟು ಅಪನಂಬಿಕೆಯನ್ನು ನ್ಯಾಯಾಲಯಗಳು ಬಿಡಬೇಕು, ಸುಳ್ಳು ಹೇಳುವವರು ಎರಡೂ ಕಡೆ ಇದ್ದಾರೆ ಎಂದು ಸುಪ್ರೀಂ ಕೋರ್ಟು 1981ರಲ್ಲೇ ಹೇಳಿದೆ. ಆ ಪ್ರಕರಣದಲ್ಲಿ ಆರೋಪಿಯ ಅಲಿಬಿಯನ್ನು, ಅಂದರೆ ಅಪರಾಧದ ಹೊತ್ತಿಗೆ ತಾನು ಬೇರೆಡೆ ಇದ್ದೆನೆಂಬ ವಾದವನ್ನು, ಕೋರ್ಟು ಒಪ್ಪಲಿಲ್ಲ ಎಂಬುದೂ ಗೊತ್ತು. ಆದರೆ ತೂಗಿ ನೋಡಿದ ಮೇಲೆ ಒಪ್ಪಲಿಲ್ಲ.

ಅಲಿಬಿ ಸಾಬೀತುಪಡಿಸುವ ಹೊಣೆ ಆರೋಪಿಯದೇ, ಅದೂ ಬಲು ಭಾರದ ಹೊಣೆ, ಹಾಜರಿ ಪುಸ್ತಕ ತಿದ್ದುವುದು ಯಾವ ಮಹಾ ಕೆಲಸ ಎಂದು ಸರ್ಕಾರಿ ವಕೀಲ ಮಿತ್ರರು ಇಲ್ಲಿ ಬರೆಯುತ್ತಾರೆ. ಒಪ್ಪಿದೆ. ಪುಸ್ತಕ ತಿದ್ದಬಹುದಾದರೆ ಭಾವಮೈದನನ್ನು ತಯಾರು ಮಾಡಲಾಗದೇ? ಅಲಿಬಿ ಬಿದ್ದುಹೋದರೂ ಆರೋಪಿ ಸ್ಥಳದಲ್ಲಿದ್ದನೆಂದು ತೋರಿಸುವ ಪ್ರಾಸಿಕ್ಯೂಷನ್ನಿನ ಹೊರೆ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಒಬ್ಬನೇ ಸಾಕ್ಷಿ ಸಾಕು ಎಂಬುದೂ ನಿಜ, ಆದರೆ ಅವನು ಪೂರ್ತಿ ನಂಬಲರ್ಹನಾಗಿದ್ದರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಊರಿನಲ್ಲಿ ಪ್ರತ್ಯಕ್ಷ ಎಂದ ಕೂಡಲೇ ಕೈಮುಗಿಯುತ್ತೇವೆ.

ಕಾನೂನಿನ ಉದಾಹರಣೆಗಳದೂ ಒಂದು ತಮಾಷೆ. 1872ರ ಸಾಕ್ಷ್ಯ ಕಾಯ್ದೆ ಅಲಿಬಿಗೆ ಕೊಟ್ಟ ಉದಾಹರಣೆಯಲ್ಲಿ ಅಪರಾಧ ನಡೆದದ್ದು ಕಲ್ಕತ್ತೆಯಲ್ಲಿ, ಆರೋಪಿ ಇದ್ದದ್ದು ಲಾಹೋರಿನಲ್ಲಿ. ಅದರ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು ಚೆನ್ನೈ ಮತ್ತು ಲಡಾಖ್ ಆಯಿತು. ನನ್ನ ಕಕ್ಷಿದಾರರಾರೂ ಲಡಾಖ್ ಕಂಡವರಲ್ಲ. ಅವರ ಅಲಿಬಿ ಬೈಕಿನಲ್ಲಿ ಅರ್ಧ ಗಂಟೆಯ ದೂರದ್ದು.

ಮೇಲ್ಮನವಿಯಲ್ಲಾದರೂ ಇದು ಸರಿಹೋಗಬೇಕು. ಅಲ್ಲಿ ಕೇಳುವುದು, ಸಾಕ್ಷಿಯ ಹಾವಭಾವ ಕಂಡವರು ಕೆಳಗಿನ ನ್ಯಾಯಾಧೀಶರು, ನಾವು ಹೇಗೆ ಕೈಹಾಕುವುದು ಎಂಬ ಮಾತು. ಈ ಪ್ರಕರಣದಲ್ಲಿ ಸಾಕ್ಷ್ಯ ದಾಖಲಿಸಿಕೊಂಡವರು ವರ್ಗವಾಗಿ ಹೋಗಿ, ತೀರ್ಪು ಬರೆದವರು ಆ ಭಾವಮೈದನ ಮುಖವನ್ನೇ ನೋಡಿರಲಿಲ್ಲ.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ವೃತ್ತಿಯ ಆರಂಭದಲ್ಲಿ, ನಾನು ಪ್ರಾಸಿಕ್ಯೂಷನ್ ಕಡೆಯಿದ್ದಾಗ, ಪಕ್ಕದ ಮನೆಯ ಹುಡುಗನ ಪರವಾಗಿ ಹೇಳಲು ಬಂದ ಮುದುಕಿಯೊಬ್ಬಳಿಗೆ, ಮೂರು ವರ್ಷದ ಹಿಂದೆ ಆ ಸಂಜೆ ಉಟ್ಟಿದ್ದ ಸೀರೆಯ ಬಣ್ಣ ಯಾವುದು ಎಂದು ಕೇಳಿದ್ದೆ. "ಹಸಿರು" ಎಂದಳು, ಸೆರಗು ಮುಟ್ಟಿಕೊಂಡು "ಅಲ್ಲಪ್ಪಾ, ನೀಲಿ" ಎಂದಳು. ನಾನು ನ್ಯಾಯಾಧೀಶರ ಕಡೆ ತಿರುಗಿ ನಕ್ಕೆ. ಹುಡುಗನಿಗೆ ಜೀವಾವಧಿಯಾಯಿತು. ನಮ್ಮ ಪ್ರತ್ಯಕ್ಷ ಸಾಕ್ಷಿಯ ಅಂಗಿಯ ಬಣ್ಣವನ್ನು ಯಾರೂ ಕೇಳಲಿಲ್ಲ. ಆ ಪಾಟೀಸವಾಲನ್ನು ಎಷ್ಟೋ ವರ್ಷ ಕಿರಿಯರಿಗೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ.

ನಿನ್ನೆ ಹಿರಿಯ ನ್ಯಾಯಮೂರ್ತಿಗಳು ಕೊನೆಗೊಮ್ಮೆ, "ನಕ್ಷೆಯಲ್ಲಿ ಕಂಬ ಎಲ್ಲಿದೆ, ತೋರಿಸಿ" ಎಂದರು. ಸರ್ಕಾರಿ ವಕೀಲರು ಊಟದ ವಿರಾಮದವರೆಗೂ ಪುಟ ತಿರುವಿದರು. ಪ್ರಕರಣ ಮುಂದಿನ ವಾರಕ್ಕೆ ಹೋಗಿದೆ. ಅಷ್ಟರಲ್ಲಿ ಕಂಬ ಸಿಕ್ಕರೆ ಇಲ್ಲೇ ತಿಳಿಸುತ್ತೇನೆ.