ಫೋಟೊ ಜೊತೆ ಹೆಡರ್ ಕೂಡ ಉಳಿಸಿ, ದಯವಿಟ್ಟು

ಟೆಲಿಸ್ಕೋಪಿಗೆ ಕ್ಯಾಮೆರಾ ಹಾಕಿ ಆಕಾಶದ ಫೋಟೊ ತೆಗೆಯುವ ಗೆಳೆಯರಿಗೆಲ್ಲ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನೀವು ತೆಗೆಯುವ ಚಿತ್ರಗಳು ನಿಜಕ್ಕೂ ಚೆನ್ನಾಗಿರುತ್ತವೆ. ಆದರೆ ಇದು ಯಾವತ್ತು, ಎಷ್ಟು ಹೊತ್ತಿಗೆ ತೆಗೆದದ್ದು ಅಂತ ಕೇಳಿದರೆ "ಹೋದ ಚಳಿಗಾಲ ಇರಬೇಕು" ಅನ್ನುತ್ತೀರಿ. ಮೂಲ ಫೈಲ್ ಇದೆಯಾ ಅಂದರೆ ಜಾಗ ಸಾಲದೆ ಅಳಿಸಿಬಿಟ್ಟೆ, ಜೆಪೆಗ್ ಮಾತ್ರ ಇದೆ ಅನ್ನುತ್ತೀರಿ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಯಾಕೆ ಅಂತ ಹೇಳುತ್ತೇನೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ101 ಗ್ಯಾಲಕ್ಸಿಯಲ್ಲಿ ಒಂದು ಹೊಸ ಚುಕ್ಕೆ ಕಂಡರು. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ 11ರ ಹತ್ತಿರ. ಸುಮಾರು 2 ಕೋಟಿ ಜ್ಯೋತಿರ್ವರ್ಷ ದೂರದ ಸೂಪರ್‌ನೋವಾ ಅದು, ಅಂದರೆ ಸಿಡಿದ ನಕ್ಷತ್ರ, ಹೆಸರು ಎಸ್‌ಎನ್ 2023ಐಎಕ್ಸ್‌ಎಫ್. ಸುದ್ದಿ ಹರಡಿದ ಮೇಲೆ ದೊಡ್ಡ ದೊಡ್ಡ ಟೆಲಿಸ್ಕೋಪುಗಳು ಅತ್ತ ತಿರುಗಿದವು. ಹೊಸಕೋಟೆಯಲ್ಲಿ ಕೂತು ನಡೆಸುವ, ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಕೂಡ ನೋಡಿತು. ಆದರೆ ಸುದ್ದಿ ಬರುವುದಕ್ಕೆ ಮುಂಚಿನ ಗಂಟೆಗಳಲ್ಲಿ ಏನಾಗಿತ್ತು? ಅದನ್ನು ತಿಳಿಯಲು ನೆರವಾದದ್ದು ಹವ್ಯಾಸಿಗಳ ಚಿತ್ರಗಳು. ಚೆಂದದ ಗ್ಯಾಲಕ್ಸಿ ಅಂತ ಸುಮ್ನೆ ಎಂ101 ತೆಗೆಯುತ್ತಿದ್ದವರ ಫ್ರೇಮುಗಳಲ್ಲಿ ಆ ಚುಕ್ಕೆ ಹುಟ್ಟಿ ಬೆಳಗುತ್ತಾ ಹೋದದ್ದು ದಾಖಲಾಗಿತ್ತು. ವಿಜ್ಞಾನಿಗಳು ಅವನ್ನು ಕೇಳಿ ಪಡೆದು, ಅಳೆದು, ಬೆಳಕು ಏರಲು ಶುರುವಾದದ್ದು ಯಾವಾಗ ಅಂತ ಲೆಕ್ಕ ಹಾಕಿದರು. ಒಂದೊಂದು ಫ್ರೇಮಿನ ಸಮಯ ಗೊತ್ತಿಲ್ಲದೆ ಈ ಲೆಕ್ಕ ಆಗುತ್ತಿತ್ತಾ?

ಆ ಸಮಯ ಇರುವುದು ಫಿಟ್ಸ್ ಫೈಲಿನ ಹೆಡರಿನಲ್ಲಿ. ಫಿಟ್ಸ್ ಅಂದರೆ ಖಗೋಳ ಚಿತ್ರಗಳನ್ನು ಉಳಿಸುವ ಫೈಲ್ ಮಾದರಿ, ಹೆಡರ್ ಅಂದರೆ ಅದರ ತಲೆಯಲ್ಲಿ ಚಿತ್ರದ ವಿವರ ಬರೆದಿರುವ ಭಾಗ. ಒಂದು ಫಿಟ್ಸ್ ಫೈಲನ್ನು ಫೋಟೊ ತಂತ್ರಾಂಶ ಬಿಟ್ಟು, ಬರೀ ಅಕ್ಷರ ತೋರಿಸುವ ಎಡಿಟರಿನಲ್ಲಿ ತೆರೆದು ನೋಡಿ. ಮೊದಲ ಪದ 'ಸಿಂಪಲ್', ಹೆಡರಿನ ಕೊನೆಯ ಪದ 'ಎಂಡ್'. ಒಂದೊಂದು ಸಾಲಿಗೂ ಸರಿಯಾಗಿ 80 ಅಕ್ಷರ, ಹಳೇ ಕಂಪ್ಯೂಟರುಗಳಿಗೆ ತೂತು ಹೊಡೆದು ಕೊಡುತ್ತಿದ್ದ ಪಂಚ್ ಕಾರ್ಡಿನ ಅಳತೆ ಅದು. 36 ಸಾಲಿಗೆ ಒಂದು ಕಂತೆ, ಅಂದರೆ 2880 ಬೈಟ್. ಪ್ರತಿ ಸಾಲಿನ ಹೆಸರು 8 ಅಕ್ಷರ ಮೀರುವಂತಿಲ್ಲ, ಅದಕ್ಕೇ ಡೇಟ್-ಆಬ್ಸ್, ಎಕ್ಸ್‌ಪ್‌ಟೈಮ್ ಅಂತ ಮೊಟಕು ಹೆಸರುಗಳು (ಮೊದಲನೆಯದು ತೆಗೆದ ಹೊತ್ತು, ಎರಡನೆಯದು ಎಷ್ಟು ಸೆಕೆಂಡ್ ತೆಗೆದದ್ದು ಅನ್ನುವುದು). 1981ರಲ್ಲಿ ಪ್ರಕಟವಾದ ಮಾದರಿ, ಆಗಿನ ಫೈಲ್ ಇವತ್ತೂ ತೆರೆಯುತ್ತದೆ. ಮೊದಲು ವರ್ಷಕ್ಕೆ ಎರಡೇ ಅಂಕಿ ಇತ್ತು, 2000ನೇ ಇಸವಿ ಹತ್ತಿರ ಬಂದಾಗ ನಾಲ್ಕು ಅಂಕಿ ಮಾಡಿಕೊಂಡರು, ಹಳೆಯದನ್ನು ಓದುವುದನ್ನು ಬಿಡಲಿಲ್ಲ. ಇಷ್ಟು ಜತನದಿಂದ ಮಾಡಿದ್ದನ್ನು ನಾವು ಖಾಲಿ ಬಿಡುವುದು ಸರಿಯಲ್ಲ.

ಫೈಲಿನ ಹೆಸರಿನಲ್ಲೇ ಎಲ್ಲ ಇದೆಯಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಹೆಸರು ಬೇಕು, ನಿಜ. ಏನು ತೆಗೆದದ್ದು, ಯಾವ ಫಿಲ್ಟರು, ಎಷ್ಟು ಸೆಕೆಂಡು, ಗೇನ್ (ಕ್ಯಾಮೆರಾ ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಎಷ್ಟು, ಸೆನ್ಸರ್ ಎಷ್ಟು ತಣ್ಣಗಿತ್ತು, ಎಷ್ಟನೇ ಫ್ರೇಮು, ಇಷ್ಟನ್ನು ನಡುವೆ ಜಾಗ ಬಿಡದೆ ಬರೆದರೆ ಹುಡುಕಲು ಸುಲಭ. ಆದರೆ ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಮಾಡಿದರೆ ವಿಂಡೋಸ್ ತೋರಿಸುವ 'ಫೈಲ್ ಹುಟ್ಟಿದ' ಸಮಯವೂ ಬದಲಾಗುತ್ತದೆ. ಹೆಡರ್ ಮಾತ್ರ ಚಿತ್ರದ ಜೊತೆಗೇ ಹೋಗುತ್ತದೆ.

ಇನ್ನು ಗಡಿಯಾರ. ಡೇಟ್-ಆಬ್ಸ್ ಸಾಮಾನ್ಯವಾಗಿ ಎಕ್ಸ್‌ಪೋಶರ್ ಶುರುವಾದ ಸಮಯ, ಅದೂ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ. ಹೆಸರಿನಲ್ಲೂ ಯುಟಿಸಿಯೇ ಹಾಕಿ ಅಂತ ನನ್ನ ಸಲಹೆ. ನಮಗೆ ಇದರಲ್ಲಿ ಒಂದು ಅನುಕೂಲ ಇದೆ, ಯಾರೂ ಗಮನಿಸುವುದಿಲ್ಲ. ಯುಟಿಸಿಯಲ್ಲಿ ತಾರೀಖು ಬದಲಾಗುವುದು ನಮಗೆ ಬೆಳಗಿನ 5:30ಕ್ಕೆ. ಅಂದರೆ ಸಂಜೆಯಿಂದ ಬೆಳಗಿನ ಜಾವದವರೆಗೆ ತೆಗೆದದ್ದೆಲ್ಲ ಒಂದೇ ತಾರೀಖಿನಲ್ಲಿ ಬರುತ್ತದೆ. ನಮ್ಮ ಸಮಯ ಹಾಕಿದರೆ ಒಂದೇ ರಾತ್ರಿ ಎರಡು ಫೋಲ್ಡರಿಗೆ ಒಡೆದುಹೋಗುತ್ತದೆ.

ಲ್ಯಾಪ್‌ಟಾಪಿನ ಗಡಿಯಾರವನ್ನು ಹೊರಡುವ ಮುಂಚೆ ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿ. ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ನಿಮಿಷಕ್ಕೆ 30 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಓಡುವ ಕ್ಷುದ್ರಗ್ರಹವಾದರೆ, ಗಡಿಯಾರದಲ್ಲಿ ಒಂದು ಸೆಕೆಂಡ್ ತಪ್ಪಿದರೂ ಅದರ ಜಾಗ ಅರ್ಧ ಆರ್ಕ್‌ಸೆಕೆಂಡ್ ತಪ್ಪುತ್ತದೆ. ಜಾಗದ ವಿವರವೂ ಹಾಗೇ. ಬೆಂಗಳೂರಿನ ಮನೆ ಟೆರೇಸಿನ ಅಕ್ಷಾಂಶ ರೇಖಾಂಶ ಹಾಕಿಟ್ಟ ಪ್ರೊಫೈಲನ್ನೇ ಚಿಕ್ಕಮಗಳೂರಿನ ತೋಟದಲ್ಲೂ ಬಳಸಿದರೆ ಹೆಡರ್ ಸುಳ್ಳು ಹೇಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ಸುಳ್ಳು ಸೇರುವುದು ಫಿಲ್ಟರಿನ ಸಾಲಿನಲ್ಲಿ. ಮೋಟಾರಿನ ಫಿಲ್ಟರ್ ವೀಲ್ ಇದ್ದರೆ ತಂತ್ರಾಂಶವೇ ಬರೆದುಕೊಳ್ಳುತ್ತದೆ. ಕೈಯಲ್ಲಿ ಬದಲಾಯಿಸುವ ಡ್ರಾಯರ್ ಆದರೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಕೆಂಪು ತೆಗೆದು ನೀಲಿ ಹಾಕಿದ ಕೂಡಲೇ ಸ್ಕ್ರೀನಿನಲ್ಲೂ ಬದಲಾಯಿಸಬೇಕು. ಚಳಿಯಲ್ಲಿ ಕೈ ಮರಗಟ್ಟಿದ್ದರೂ ಬದಲಾಯಿಸಬೇಕು. ನನ್ನ ಪ್ರಕಾರ ತಪ್ಪು ಫಿಲ್ಟರಿಗಿಂತ ಖಾಲಿ ಸಾಲೇ ವಾಸಿ. ಖಾಲಿ ಇದ್ದರೆ ಓದುವವರು ಅನುಮಾನ ಪಡುತ್ತಾರೆ, ತಪ್ಪಿದ್ದರೆ ನಂಬಿಬಿಡುತ್ತಾರೆ.

ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ತೆಗೆದ ಸೂರ್ಯನ ಚಿತ್ರಗಳನ್ನು ಇವತ್ತು ಸ್ಕ್ಯಾನ್ ಮಾಡಿ ಸೌರಕಲೆಗಳ ಅಧ್ಯಯನಕ್ಕೆ ಬಳಸುತ್ತಿದ್ದಾರೆ. ಆ ಪ್ಲೇಟುಗಳ ತಾರೀಖು, ಹೊತ್ತು ಬರೆದಿಟ್ಟವರಿಗೆ ಕಂಪ್ಯೂಟರ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ನಮಗೆ ಅರ್ಧ ಕೆಲಸ ತಂತ್ರಾಂಶವೇ ಮಾಡಿಕೊಡುತ್ತದೆ, ಅಲ್ವಾ?

ಸ್ಟ್ಯಾಕ್ ಮಾಡಿದ ಫೈಲೊಂದೇ ಸಾಕು ಅನ್ನಬೇಡಿ. ನೂರು ಫ್ರೇಮು ಸೇರಿಸಿದ ಫೈಲಿನಲ್ಲಿ ಹಲವು ಸಲ ಮೊದಲ ಫ್ರೇಮಿನ ಸಮಯ ಮಾತ್ರ ಉಳಿದಿರುತ್ತದೆ. ಹೆಡರಿನಲ್ಲಿ ಆಮೇಲೆ ಏನಾದರೂ ತಿದ್ದಿದರೆ, ಏನು ತಿದ್ದಿದೆ ಅಂತ 'ಹಿಸ್ಟರಿ' ಸಾಲಿನಲ್ಲಿ ಬರೆಯಿರಿ, ಆ ಸಾಲು ಇರುವುದೇ ಅದಕ್ಕೆ.

ಜಾಗದ ಕಷ್ಟ ನನಗೂ ಅರ್ಥವಾಗುತ್ತದೆ. 26 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 16 ಬಿಟ್ಟಿನ ಒಂದು ಫ್ರೇಮ್ ಅಂದರೆ ಸುಮಾರು 52 ಎಂಬಿ, 200 ಫ್ರೇಮಿಗೆ 10 ಜಿಬಿ ದಾಟುತ್ತದೆ. ಎಫ್‌ಪ್ಯಾಕ್ ಅಂತ ಒಂದು ಉಚಿತ ತಂತ್ರಾಂಶ ಇದೆ, ಅದರ ರೈಸ್ ವಿಧಾನದಲ್ಲಿ ಇಂಥ ಫೈಲ್ ಕುಗ್ಗಿಸಿದರೆ ಚಿತ್ರದ ಒಂದು ಅಂಕಿಯೂ ಕಳೆದುಹೋಗುವುದಿಲ್ಲ, ಹೆಡರನ್ನೂ ಬಿಚ್ಚದೆ ಓದಬಹುದು. ಅದೂ ಆಗದಿದ್ದರೆ ಪ್ರತಿ ರಾತ್ರಿ ಪ್ರತಿ ಫಿಲ್ಟರಿನ ಮೊದಲ ಫ್ರೇಮು, ಕೊನೆಯ ಫ್ರೇಮು, ಅವಕ್ಕೆ ಬೇಕಾದ ಡಾರ್ಕು (ಮುಚ್ಚಳ ಹಾಕಿ ತೆಗೆದದ್ದು), ಫ್ಲಾಟು (ಸಮ ಬೆಳಕಿಗೆ ಹಿಡಿದು ತೆಗೆದದ್ದು), ಇಷ್ಟನ್ನಾದರೂ ಎತ್ತಿಡಿ.